ಫೋನ್ ಮಾಡಿದ್ದು ಅಜ್ಜನೇ

ನಮ್ಮಜ್ಜ ಆರ್ನ್‌ಗ್ರಿಮುರ್‌ಗೆ ಆ ವರ್ಷ ಎಪ್ಪತ್ತೆಂಟು. ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದ. ಒಂದು ಚಮಚ ಮೀನೆಣ್ಣೆ ಕುಡಿದು ಮುಖ ಕಿವುಚಿ, ಮೇಲೆ ಕಪ್ಪು ಕಾಫಿ ಕುಡಿದು, ಬೂಟು ಮೆಟ್ಟಿ ಹೊರಬಿದ್ದರೆ ಒಳಗೆ ಬರುತ್ತಿದ್ದುದು ಮಧ್ಯಾಹ್ನದ ಸುದ್ದಿಗೆ. ರೇಡಿಯೋದಲ್ಲಿ ಹವಾಮಾನ ಹೇಳಿ ಮುಗಿಯುವ ತನಕ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಮುಗಿದ ಮೇಲೆ "ಸುಳ್ಳು" ಅಂತ ಒಂದು ಮಾತು ಹೇಳಿ, ಬೇಯಿಸಿದ ಮೀನು, ಆಲೂಗಡ್ಡೆ ತಿಂದು ಮತ್ತೆ ಹೊರಡುತ್ತಿದ್ದ. ಡಾಕ್ಟರು ಮಂಡಿ ಒತ್ತಿ ನೋಡಿ, ಇನ್ನು ಬೆಟ್ಟ ಹತ್ತಬೇಡಿ ಅಂದಾಗ, "ಆಗಲಿ, ಕುದುರೆಗೆ ಹೇಳ್ತೀನಿ" ಅಂದಿದ್ದ.

ಮನೆಯಲ್ಲಿ ನಾವು ಮೂರೇ ಜನ. ಅಜ್ಜ, ಅವನ ಮಗಳು ಸಾಲ್ವೋರ್ ಅಂದರೆ ನಮ್ಮಮ್ಮ, ಮತ್ತೆ ನಾನು, ಡೀಸಾ. ನಾನು ಕಣಿವೆಯ ಬಾಯಲ್ಲಿದ್ದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮುನ್ನೂರ ಹನ್ನೆರಡು ಕುರಿ ಕಾಗದದ ಮೇಲೆ ಅಮ್ಮನವು. ಆದರೆ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದವನು ಅಜ್ಜ. ಇದರ ಅಮ್ಮ ಯಾರು, ಅಜ್ಜಿ ಯಾರು, ಯಾವ ಚಳಿಗಾಲದಲ್ಲಿ ಹಿಮದಡಿ ಸಿಕ್ಕಿ ಬದುಕಿತು, ಎಲ್ಲ ಅವನಿಗೆ ಬಾಯಿಪಾಠ.

ಸೆಪ್ಟೆಂಬರಿನಲ್ಲಿ, ಬೇಸಿಗೆಯೆಲ್ಲ ಬೆಟ್ಟದ ಮೇಲೆ ಬಿಟ್ಟ ಕುರಿಗಳನ್ನು ಇಳಿಸಿ ತರಬೇಕು. ಇಡೀ ಕಣಿವೆಯ ಜನ ಮೂರು ದಿನ ಕುದುರೆ ಮೇಲೆ. ಅಜ್ಜ ಹದಿನಾಲ್ಕನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಅವನ ಪಕ್ಕದಲ್ಲಿ ಯಾವಾಗಲೂ ಹೊಳೆಯಾಚೆ ಮನೆಯ ಯೋಸಾಫತ್. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಬೆಂಚಿನಲ್ಲಿ ಓದಿದವರು.

"ಲೋ, ಆ ಗಡ್ಡ ಬೋಳಿಸ್ಕೊಂಡು ಬರಬಾರದಾ? ಯಾರಾದ್ರೂ ಟಗರು ಅಂತ ಹಿಡಿದು ರೊಪ್ಪಕ್ಕೆ ತಳ್ತಾರೆ," ಅಂದ ಯೋಸಾಫತ್.

"ನನ್ನನ್ನ ತಳ್ಳಬಹುದು. ನಿನ್ನನ್ನ ತಳ್ಳೋಕೆ ಟ್ರ್ಯಾಕ್ಟರ್ ತರಿಸ್ಬೇಕು," ಅಂದ ಅಜ್ಜ.

ಮೂರನೇ ದಿನ ಕಲ್ಲುಗೋಡೆಯ ದೊಡ್ಡ ರೊಪ್ಪದಲ್ಲಿ ಸಾವಿರಾರು ಕುರಿ ಒಂದಾದವು. ಕಿವಿಗುರುತು ನೋಡಿ, ಕೊಂಬು ಹಿಡಿದು, ಅವರವರ ಪಾಲಿನ ಕಡೆಗೆ ಎಳೆದದ್ದಾಯಿತು. ಅಜ್ಜ ಆವತ್ತು ಸಂಜೆ ಎದೆ ತುಂಬಿ ಹಾಡಿದ. ಅವನು ಹಾಡಿದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಅಕ್ಟೋಬರ್ ಮೊದಲ ವಾರ. ಶಾಲೆಯಿಂದ ಬಂದಾಗ ಅಜ್ಜ ಮನೆ ಹಿಂದಿನ ಹೊಲದ ಬೇಲಿಗೆ ಒರಗಿ ನಿಂತಿದ್ದ. ಅವನು ಹಾಗೆ ಸುಮ್ಮನೆ ನಿಲ್ಲುವ ಆಸಾಮಿಯಲ್ಲ. ಹತ್ತಿರ ಹೋದೆ.

"ಮೋರಾನ ನೋಡು," ಅಂದ.

ಮೋರಾ ಕಂದು ಬಣ್ಣದ ನಾಲ್ಕು ವರ್ಷದ ಕುರಿ. ಕಂಬಕ್ಕೆ ಬೆನ್ನು ತಿಕ್ಕುತ್ತಿತ್ತು. ತಿಕ್ಕಿದ ಕಡೆ ಉಣ್ಣೆ ಕಿತ್ತುಬಂದು ಚರ್ಮ ಕೆಂಪಗಾಗಿತ್ತು. ಅಜ್ಜ ಒಂದು ಸಲ ಚಪ್ಪಾಳೆ ತಟ್ಟಿದ. ಕುರಿ ಬೆಚ್ಚಿ, ತಲೆ ನಡುಗಿಸುತ್ತ, ಮುಂಗಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತೆತ್ತಿ ಇಡುತ್ತ ಓಡಿತು.

"ಉಣ್ಣಿ ಇರಬಹುದೇನಜ್ಜ?"

"ಉಣ್ಣಿ ಅಲ್ಲ."

ಅದೇನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಡುಕರೋಗ. ಅದಕ್ಕೆ ಮದ್ದಿಲ್ಲ. ಕಾನೂನಿನ ಪ್ರಕಾರ, ಒಂದು ಕುರಿಗೆ ಬಂದರೆ ಇಡೀ ಹಿಂಡನ್ನು ಕೊಂದು ಸುಡಬೇಕು. ಎರಡು ವರ್ಷ ಆ ಜಾಗದಲ್ಲಿ ಕುರಿ ಕಟ್ಟುವಂತಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಕುರಿಯ ರಕ್ತ, ಕೊಬ್ಬು, ಹಿಟ್ಟು ಕಲಸಿ, ಚಳಿಗಾಲದ ಊಟಕ್ಕೆ ಕುರಿಹೊಟ್ಟೆಯ ಚೀಲಗಳಲ್ಲಿ ತುಂಬಿಡುತ್ತಿದ್ದಳು. ಮೊಣಕೈವರೆಗೂ ಕೆಂಪು. ಅಜ್ಜ ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದಳು. "ಅಪ್ಪ, ಬಂದೂಕ ಇದೆ, ಸನಿಕೆ ಇದೆ. ಹೊಳೆದಂಡೇಲಿ ನೆಲ ಮೆತ್ತಗಿದೆ," ಅಂದಳು.

"ಮೊನ್ನೆ ಎಲ್ಲರ ಕುರಿ ಒಂದೇ ರೊಪ್ಪದಲ್ಲಿದ್ದವು, ಸಾಲ್ವೋರ್."

"ಇದ್ದವು. ತಗಲೋದಿದ್ರೆ ತಗಲಿಯಾಗಿದೆ. ನೀನು ಹೇಳಿದ್ರೆ ಅದೇನು ವಾಪಸ್ ಬರುತ್ತಾ?"

"ಇದೊಂದೇ ಅಂತ ಹೇಗೆ ಗೊತ್ತು ನಿನಗೆ? ಮಿಕ್ಕವು ಬರೋ ವರ್ಷ ಮತ್ತೆ ಬೆಟ್ಟಕ್ಕೆ ಹೋಗಲ್ವಾ?"

"ನನಗೆ ಐವತ್ತೆರಡು, ಅಪ್ಪ. ಕುರಿ ಬಿಟ್ಟು ನನಗೆ ಬೇರೆ ಕೆಲಸ ಬರಲ್ಲ."

ಅಜ್ಜ ಬೂಟು ಕೂಡ ಬಿಚ್ಚದೆ ಹಜಾರಕ್ಕೆ ಹೋಗಿ ಫೋನ್ ಎತ್ತಿದ. ಸರ್ಕಾರಿ ಪಶುವೈದ್ಯೆ ಮರುದಿನ ಬಂದಳು. ಮೋರಾಳನ್ನು ಕೊಂದು, ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಗೆ ರಾಜಧಾನಿಗೆ ಕಳಿಸಿದಳು. ಒಂಬತ್ತು ದಿನ ಕಾದೆವು. ಆ ಒಂಬತ್ತು ದಿನವೂ ಅಜ್ಜ ಎಂದಿನಂತೆ ಐದೂವರೆಗೆ ಎದ್ದ, ಚಾವಣಿಯ ತಗಡಿಗೆ ಮೊಳೆ ಹೊಡೆದ, ಆಲೂಗಡ್ಡೆ ಅಗೆದ, ಟಗರುಗಳ ಗೊರಸು ಕತ್ತರಿಸಿದ. ಹತ್ತನೇ ದಿನ ಪಶುವೈದ್ಯೆ ಮತ್ತೆ ಬಂದು ಮೇಜಿನ ಮುಂದೆ ಕೂತಳು. ಕೋಟು ಬಿಚ್ಚಲಿಲ್ಲ. ಅದರಲ್ಲೇ ನಮಗೆ ಗೊತ್ತಾಯಿತು.

"ನಿಮ್ಮ ಹಿಂಡಿನಿಂದ ಯಾರಿಗಾದರೂ ಕುರಿ ಕೊಟ್ಟಿದ್ದೀರಾ?" ಅಂತ ಕೇಳಿದಳು.

ಅಮ್ಮ ಅಜ್ಜನ ಮುಖ ನೋಡಿದಳು. ಅಜ್ಜ ಮೇಜಿನ ಮೇಲಿದ್ದ ರೊಟ್ಟಿಚೂರನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದ.

"ಯೋಸಾಫತ್‌ಗೆ," ಅಂದ. "ಹೋದ ವರ್ಷ. ಮೂರು. ಒಂದು ಇದೇ ಮೋರಾಳ ತಂಗಿ."

ಪರೀಕ್ಷಿಸಿದಾಗ ಆ ಮೂರರಲ್ಲಿ ಒಂದಕ್ಕೆ ರೋಗವಿತ್ತು. ನೋಡಿದರೆ ಗೊತ್ತೇ ಆಗುತ್ತಿರಲಿಲ್ಲವಂತೆ, ದಪ್ಪಗೆ, ಗಟ್ಟಿಮುಟ್ಟಾಗಿತ್ತಂತೆ. ಯೋಸಾಫತನ ಇನ್ನೂರೈವತ್ತು ಕುರಿಗಳನ್ನೂ ಕೊಲ್ಲಲು ದಿನ ಗೊತ್ತುಮಾಡಿದರು.

ಮೊದಲು ನಮ್ಮವು. ಲಾರಿಗಳು ಬೆಳಿಗ್ಗೆ ಹತ್ತಕ್ಕೆ ಬಂದವು. ಬಂದವರು ಹುಡುಗರಲ್ಲ, ಕೆಲಸ ತಿಳಿದವರು. ಆದರೂ ಕುರಿಗಳು ಲಾರಿಗೆ ಒರಗಿಸಿದ ಹಲಗೆ ಹತ್ತಲಿಲ್ಲ. ಗೊತ್ತಿಲ್ಲದ ವಾಸನೆಗೆ ಹೆದರಿ ಮೂಲೆಯಲ್ಲಿ ಒತ್ತಿಕೊಂಡು ನಿಂತವು. ಅಜ್ಜ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಲಾರಿಯೊಳಗೆ ಹತ್ತಿ ನಿಂತು, ಮೇವಿಗೆ ಕರೆಯುವ ಹಾಗೆ ಕರೆದ. ಬಂದವು. ಸಾಲಾಗಿ, ಅವನ ದನಿ ಹಿಡಿದು, ಒಂದರ ಹಿಂದೆ ಒಂದು. ಪ್ರತಿ ಲಾರಿಗೂ ಅವನೇ ಹತ್ತಿ ಕರೆದ. ಅಮ್ಮ ನೋಡಲಾರದೆ ಒಳಗೆ ಹೋದಳು. ನಾನು ಗೇಟು ಹಿಡಿದು ನಿಂತಿದ್ದೆ. ಕೊನೆಯ ಲಾರಿಯಿಂದ ಇಳಿಯುವಾಗ ಡ್ರೈವರ್ ತೋಳು ಹಿಡಿಯಲು ಬಂದರೆ ಬೇಡವೆಂದು ತಲೆ ಆಡಿಸಿದ.

ಆಮೇಲೆ ಕೊಟ್ಟಿಗೆ. ಮರದ್ದೆಲ್ಲ ಕಿತ್ತು ಸುಟ್ಟರು. ಗೋಡೆ ತೊಳೆದರು, ಅಂಗಳದ ಮಣ್ಣು ಒಂದು ಗೇಣು ಕೆರೆದು ಒಯ್ದರು. ಅಜ್ಜ ಮರುದಿನವೂ ಐದೂವರೆಗೆ ಎದ್ದ. ಸುತ್ತಿಗೆ, ತಂತಿ ತೆಗೆದುಕೊಂಡು ಹೊರಟ.

"ಯಾವ ಕುರಿಗೆ ಬೇಲಿ, ಅಪ್ಪ?" ಅಂತ ಅಮ್ಮ ಕೇಳಿದಳು. ದನಿಯಲ್ಲಿ ಕೋಪವೂ ಉಳಿದಿರಲಿಲ್ಲ.

"ಬಿದ್ದಿದೆಯಲ್ಲ," ಅಂದ.

ಯೋಸಾಫತನ ಮನೆಗೆ ಲಾರಿ ಬರುವ ದಿನ ಅಜ್ಜ ನಡೆದೇ ಹೊರಟ. ನಾನೂ ಜೊತೆಗೆ ಹೋದೆ. ಸೇತುವೆ ದಾಟಿದರೆ ಅವರ ಗೇಟು. ಯೋಸಾಫತ್ ಗೇಟಿನ ಒಳಗಡೆ ನಿಂತಿದ್ದ. ತೆಗೆಯಲಿಲ್ಲ.

"ಹತ್ತಿಸೋಕೆ ಬಂದೆ," ಅಂದ ಅಜ್ಜ. "ಒಬ್ಬನಿಗೆ ಕಷ್ಟ."

"ಗೊತ್ತು, ನಿನಗೆ ಚೆನ್ನಾಗಿ ಹತ್ತಿಸೋಕೆ ಬರುತ್ತೆ."

"ಯೋಸಾಫತ್, ನಾನು..."

"ಫೋನ್ ಮೊದಲು ನನಗೆ ಮಾಡಬಹುದಿತ್ತು. ಸರ್ಕಾರಕ್ಕೆ ಆಮೇಲೆ ಮಾಡಬಹುದಿತ್ತು. ನಮ್ಮಿಬ್ಬರ ಅರವತ್ತು ವರ್ಷದ ಸ್ನೇಹಕ್ಕೆ ಅಷ್ಟೂ ಬೆಲೆ ಇರಲಿಲ್ವಾ?"

ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವಾಪಸ್ ಬರುವಾಗ ಸೇತುವೆ ಮೇಲೆ ಎರಡು ಸಲ ಕೂತ.

ಅದಾದ ಮೇಲೆ ಒಂದು ಬೆಳಿಗ್ಗೆ ಹನ್ನೊಂದಕ್ಕೆ ನೋಡಿದರೆ ಅಜ್ಜ ಕುರ್ಚಿಯಲ್ಲಿದ್ದ. ಕಾಯಿಲೆಯೇನಲ್ಲ. ಬೂಟು ಹಾಕಿಕೊಂಡು ತಯಾರಾಗಿಯೇ ಕೂತಿದ್ದ. ಹೊರಗೆ ಬಿಸಿಲಿತ್ತು, ಗುಡ್ಡದ ಪೊದೆಗಳೆಲ್ಲ ಕೆಂಪೇರಿದ್ದವು. ಮಧ್ಯಾಹ್ನ ಹವಾಮಾನ ಹೇಳಿದಾಗ ಅವನು ಏನೂ ಅನ್ನಲಿಲ್ಲ.

ಎರಡು ವರ್ಷ ಕಳೆದು ಕುರಿ ಸಾಕಲು ಒಪ್ಪಿಗೆಯ ಕಾಗದ ಬಂತು. ಅಮ್ಮ ಅಷ್ಟರಲ್ಲಿ ಬಂದರಿನ ಮೀನು ಕಾರ್ಖಾನೆಗೆ ಸೇರಿದ್ದಳು. ಕಾಗದವನ್ನು ಓದಿ ಡ್ರಾಯರಿನಲ್ಲಿಟ್ಟಳು. ಅಜ್ಜನನ್ನು ಬಂದರಿನ ವೃದ್ಧಾಶ್ರಮಕ್ಕೆ ಸೇರಿಸಿದೆವು. ಯೋಸಾಫತನೂ ಮರುವರ್ಷ ಅಲ್ಲಿಗೇ ಬಂದ. ಊಟದ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಮೇಜು ಹಿಡಿದರು. ಅಲ್ಲಿನ ನರ್ಸುಗಳು, ಇವರು ಒಬ್ಬರಿಗೊಬ್ಬರು ಗುರುತಿಲ್ಲದವರು ಅಂದುಕೊಂಡಿದ್ದರು.

ಒಮ್ಮೆ ಸೆಪ್ಟೆಂಬರಿನಲ್ಲಿ ನಾನು ನೋಡಲು ಹೋದಾಗ ಕೇಳಿಬಿಟ್ಟೆ. "ಅಜ್ಜ, ಹೀಗಾಗುತ್ತೆ ಅಂತ ಗೊತ್ತಿದ್ದಿದ್ರೂ ಆವತ್ತು ಫೋನ್ ಮಾಡ್ತಿದ್ಯಾ?"

ಮಾಡುತ್ತಿದ್ದೆ ಅನ್ನುತ್ತಾನೆ, ಅದನ್ನು ಹೋಗಿ ಅಮ್ಮನಿಗೆ ಹೇಳಬಹುದು ಅಂತ ನನ್ನ ಆಸೆ.

ಅವನು ಕಿಟಕಿ ಕಡೆ ನೋಡಿದ. "ಇಲ್ಲ," ಅಂದ. "ಹೊಳೆದಂಡೇಲಿ ಹೂತು ಹಾಕ್ತಿದ್ದೆ."

ಅದು ನಿಜವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಊಟಕ್ಕೆ ಕರೆದರು. ಅವನು ಕೋಲು ಊರಿಕೊಂಡು ಎದ್ದು ಹೊರಟ.