ಬಾಯಿ ಬಿಡದ ಕಂಪ್ಯೂಟರ್

ಮತ್ತೆ ಅದೇ ಕೆಂಪು ಗುಂಡು, ಒಳಗೆ ಬಿಳಿ ಗುಣಾಕಾರದ ಗುರುತು, ಮಗ್ಗುಲಲ್ಲಿ ಇಂಗ್ಲೀಷಿನ ಎರಡು ಸಾಲು — ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡ ಇಲ್ಲಿ ನಡೆಯುವುದಿಲ್ಲ, ನಡೆಯದಿದ್ದರೂ ಅದು ಏನನ್ನುತ್ತದೆ ಎಂದು ಸಕ್ಕೂಬಾಯಿಗೆ ಗೊತ್ತು, ಇಲ್ಲ ಅನ್ನುತ್ತದೆ, ಮೊನ್ನೆಯಿಂದ ಇಲ್ಲ ಅನ್ನುವುದೊಂದನ್ನು ಬಿಟ್ಟು ಬೇರೆ ಮಾತೇ ಆಡಿಲ್ಲ ಈ ಕಂಪ್ಯೂಟರು, ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿದ್ದೇ ನೆಪ, ಚಟ್ನಿ ಪಾಕೀಟಿನ ಲೇಬಲ್ಲು ಮಾಡುವ ಪ್ರೋಗ್ರಾಮು ಸತ್ತು ಕೂತಿದೆ, ಸಿ.ಡಿ. ಇದ್ರ ಮತ್ತೊಮ್ಮೆ ಹಾಕ್ರಿ ಅವ್ವಾರ, ಹತ್ತ ಮಿನಿಟಿನ ಕೆಲಸ ಎಂದಿದ್ದ ರೋಣದ ಕಂಪ್ಯೂಟರ್ ಅಂಗಡಿಯ ಆಶಿಕ, ಅಷ್ಟ ಹಳೇದು ನೆಟ್ಟಿನ್ಯಾಗ ಸಿಗಂಗಿಲ್ರಿ, ಮಾಡಿದ ಕಂಪನೀನ ಮುಚ್ಚೇತಿ. ಹತ್ತು ಮಿನಿಟಂತೆ! ಸಿ.ಡಿ. ಕೈಯಲ್ಲೇ ಇದೆ, ಸೆರಗಿನಿಂದ ಒರೆಸಿ ಒರೆಸಿ ಮುಖ ಕಾಣುವಷ್ಟು ಹೊಳೆಯುತ್ತಿದೆ, ಅದನ್ನು ಇಡಬೇಕಾದ ಟ್ರೇ ಮಾತ್ರ ಹೊರಗೆ ಬರುವುದಿಲ್ಲ, ಗುಂಡಿ ಒತ್ತಿದರೆ ಒಳಗೆ ಕರ ಕರ ಅನ್ನುತ್ತದೆ, ಹಲ್ಲು ಕಡಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಆರಿಸಿ ಹಚ್ಚಿ ನೋಡಿದಳು, ವಾಯರು ಕಿತ್ತು ಸಿಕ್ಕಿಸಿ ನೋಡಿದಳು, ಮೇಲೊಂದು ಏಟು ಹಾಕಿಯೂ ನೋಡಿದಳು, ಬಾಗಿಲ ಬಳಿ ಚಹಾ ಕುಡಿಯುತ್ತ ಕೂತ ಗಂಡ ಕನಕಪ್ಪನಿಗೆ ಅದೊಂದು ನಗೆ, ಅದರ ಬಾಯಾಗ ಹುಣ್ಣಾಗೇತಿ ತಗೋ ಸಕ್ಕೂ, ದವಾಖಾನಿಗೆ ಒಯ್ಯಿ — ನೀವು ಸುಮ್ನ ಚಾ ಕುಡೀರಿ, ನಾಳೆ ಮುಂಜಾನಿ ಬಸ್ಸಿಗೆ ಗದಗಿನ ಅಂಗಡಿಗೆ ಪಾಕೀಟು ಹೋಗಬೇಕು, ಲೇಬಲ್ಲಿಲ್ಲದೆ ಬೋಳು ಪಾಕೀಟು ಕಳಿಸಲೇನು, ಒಬ್ಬಳ ಕೈಲಿ ಆಗಲಿಲ್ಲ ಅನ್ನಿಸಿಕೊಳ್ಳಲೇನು, ಅದೂ ಇವತ್ತು, ಗೋಡೆಯ ಆಚೆ ಗಂಡನ ಅಣ್ಣನ ಹೆಂಡತಿ ಕರಿಯವ್ವ ಸಾಮಾನು ಕಟ್ಟುತ್ತಿರುವಾಗ.

ಆಚೆ ಏನೋ ಭಾರದ್ದು ಎಳೆದ ಸದ್ದು, ಒರಳೇ ಇರಬೇಕು, ಒರಳು ಒನಕೆ ಎಲ್ಲ ಟೆಂಪೋಕ್ಕೆ ಏರಿಸಿ ಸಂಜೆಗೆ ಗಜೇಂದ್ರಗಡಕ್ಕೆ, ಮಗಳು ನೇತ್ರಾನ ಮನೆಗೆ, ಇನ್ನು ಈ ಜಕ್ಕಲಿ ಊರಿಗೆ ಬರುವುದಿಲ್ಲವಂತೆ, ಹೋಗಲಿ, ಹೋಗುವವರಿಗೆ ಯಾರು ಕೈ ಅಡ್ಡ ಹಿಡಿದಾರು, ಇಷ್ಟು ದಿನ ಕುಟ್ಟಿದವಳು ಅವಳೇ, ಆದರೇನು, ಮಿಕ್ಸರಿಗೆ ಹಾಕಿದರೆ ಶೇಂಗಾ ಚಟ್ನಿ ಆಗುವುದಿಲ್ಲವೇ — ಆಗುತ್ತದೆ, ಹಿಟ್ಟಾಗುತ್ತದೆ, ಎಣ್ಣೆ ಬಿಡುವುದಿಲ್ಲ, ನಾಲಗೆಗೆ ಹತ್ತುವುದಿಲ್ಲ, ಅದಿರಲಿ. ಎಲ್ಲ ಈ ಪ್ರೋಗ್ರಾಮಿನದೇ ಕಿತಾಪತಿ, ಲೇಬಲ್ಲಿನಲ್ಲಿ ಸಕ್ಕೂಬಾಯಿ ಕರಿಯವ್ವ ಎಂದು ಇಬ್ಬರ ಹೆಸರೂ ಹೊಡೆದರೆ ಬಾಲ ಕತ್ತರಿಸುತ್ತಿತ್ತು, ಅಕ್ಷರ ಸಣ್ಣದು ಮಾಡಿದರೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು, ಒಂದು ಹೆಸರು ತೆಗೆಯಲೇಬೇಕಾಯಿತು, ತೆಗೆದಳು, ಯಾರದನ್ನು ತೆಗೆಯಲಿ ಎಂದು ಅದು ಕೇಳಲೂ ಇಲ್ಲ, ಕೇಳಿದ್ದರೆ ಒಂದು ಗಳಿಗೆ ಕೈ ತಡೆಯುತ್ತಿತ್ತೋ ಏನೋ. ದಸರೆಗೆ ಮುಂಚೆ ಬಂದ ನೇತ್ರಾ ಪಾಕೀಟು ಹಿಡಿದು ಓದಿ ಹೇಳಿದ್ದು, ಯವ್ವಾ ಇದರಾಗ ನಿನ್ನ ಹೆಸರ ಇಲ್ಲಲ್ಲ, ಜಾಗಾ ಸಾಲಲಿಲ್ಲ ಯಕ್ಕಾ ಅಂದರೆ ನೆಗೆಣ್ಣಿ ಒನಕೆ ನಿಲ್ಲಿಸಿ ಇವಳನ್ನೇ ನೋಡಿದಳು, ನನ್ನ ಹೆಸರೇನು ಅಷ್ಟ ಅಗಲ ಐತೇನ ಸಕ್ಕೂ? ಅಷ್ಟೇ, ಮಾರನೇ ದಿನ ಬೇರೆ ಒಲೆ, ನಡುವೆ ಗೋಡೆ ಮೊದಲೇ ಇತ್ತು, ಅದರ ಬಾಗಿಲೊಂದು ಮುಚ್ಚಿದರು. ಅದನ್ನಾದರೂ ಸಕ್ಕೂಬಾಯಿ ನುಂಗಿಕೊಂಡಾಳು, ದಸರೆಯ ಸಂಜೆಯದನ್ನು ನುಂಗಲಾರಳು, ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗಬೇಕು, ಹಿರಿಯಳಾದ ಕರಿಯವ್ವ ತಾನೇ ಬಂದು ಪಡಸಾಲೆಯಲ್ಲಿ ನಿಂತಿದ್ದಳು, ತೊಗೋ ಸಕ್ಕೂ, ಬಂಗಾರಧಂಗ ಇರೂಣ, ಒಲೆಯ ಮುಂದೆ ಹೋಳಿಗೆ ತಟ್ಟುತ್ತಿದ್ದ ಸಕ್ಕೂಬಾಯಿ ತಿರುಗಲಿಲ್ಲ, ಕೈ ಎಣ್ಣಿ ಆಗ್ಯಾವ, ಅಲ್ಲೇ ಪೂಜಿ ತಾಟಿನ್ಯಾಗ ಇಡು ಅಂದಳು, ತಿರುಗಿದಾಗ ಕರಿಯವ್ವ ಹೊಸ್ತಿಲು ದಾಟುತ್ತಿದ್ದಳು, ಬಲಗೈ ಮುಷ್ಟಿ ಕಟ್ಟಿತ್ತು, ಎದ್ದು ನೋಡಿದರೆ ತಾಟಿನಲ್ಲಿ ಕಾಯಿ ಇದೆ, ಹೂವಿದೆ, ಅರಿಶಿನದ ಭಂಡಾರವಿದೆ, ಬನ್ನಿ ಇಲ್ಲ. ತಂದ ಬನ್ನಿಯನ್ನು ವಾಪಸು ಒಯ್ಯುವುದೇ, ಸತ್ತ ಮನೆಯವರಿಗೂ ಯಾರೂ ಹಾಗೆ ಮಾಡುವುದಿಲ್ಲ, ದೀಪಾವಳಿ ಬಂತು ಹೋಯಿತು, ರೊಟ್ಟಿ ಬಡಿಯುವಾಗ ಆ ಮುಷ್ಟಿ, ಎಮ್ಮೆ ಹಿಂಡುವಾಗ ಆ ಮುಷ್ಟಿ, ಈಗ ಈ ಗುಂಡಿ ಒತ್ತುವಾಗಲೂ ಅದೇ.

ಕರ ಕರ, ಸುಮ್ಮನೆ, ಕರ ಕರ — ಫೋನು, ಆಶಿಕ, ಬಾಯಿ ಬಿಡವಲ್ಲದೇನ್ರಿ ಇನ್ನೂ? ಕರೆಂಟ ತಗದ ಬಿಡ್ರಿ, ಗುಂಡಿ ಬಾಜೂಕ ಸೂಜಿ ಹೋಗೂವಷ್ಟ ತೂತ ಐತಿ ನೋಡ್ರಿ, ಅದರಾಗ ಪಿನ್ನ ತೂರಿಸಿ ಒತ್ರಿ, ಸಾವಕಾಶ ಮತ್ತ, ನಿಮ್ಮ ಸಿಟ್ಟಿಗೆ ಮುರದೀತು. ಸಾವಕಾಶವಂತೆ, ಮೊನ್ನೆಯಿಂದ ಸಾವಕಾಶ ಬಿಟ್ಟು ಮತ್ತೇನು ಮಾಡುತ್ತಿದ್ದಾಳೆ, ಇದನ್ನು ಮೊನ್ನೆಯೇ ಹೇಳಬಾರದಾಗಿತ್ತೇ ಇವನಿಗೆ, ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಕನ್ನಡಕ ಏರಿಸಿ, ತೂತು ಎಲ್ಲಿ, ಇಲ್ಲಿ, ಒತ್ತಿದಳು, ಇನ್ನಷ್ಟು ಒತ್ತಿದಳು, ಟಕ್ — ಬೆರಳಗಲ ಬಂತು, ಹೊರಗೆ ಟೆಂಪೋದ ಹಾರ್ನು, ಉಗುರು ಸಿಕ್ಕಿಸಿ ಎಳೆದಳು, ಬಂತು, ಪೂರಾ ಬಂತು, ಸುತ್ತ ಒಣಗಿದ ಚೆಂಡು ಹೂವಿನ ಎಸಳು, ಭಂಡಾರದ ಪುಡಿ, ನಡುವಿನ ಗಾಲಿಗೆ ಸುತ್ತಿಕೊಂಡ ಒಂದು ಕಡ್ಡಿ, ಕಡ್ಡಿಯ ತುಂಬ ಸಣ್ಣ ಸಣ್ಣ ಎಲೆ, ಒಣಗಿ ಬಣ್ಣ ಹೋದ ಎಲೆ, ಬನ್ನಿ.

ಬನ್ನಿ. ಇಲ್ಲಿ ಹೇಗೆ — ಖಂಡೇಪೂಜೆಗೆ, ಆಯುಧಗಳಿಗೆಲ್ಲ ಮಾಡುವ ಹಾಗೆ, ಕಂಪ್ಯೂಟರಿಗೂ ಪೂಜೆ ಮಾಡಿದ್ದಳಲ್ಲ, ನವರಾತ್ರಿ ದೀಪದ ಹಾಗೆ ಅದನ್ನೂ ಆರಿಸದೆ ಬಿಟ್ಟಿದ್ದಳು, ಟ್ರೇ ಹೊರಗೆಳೆದು ಅದರಲ್ಲೇ ಹೂವಿಟ್ಟು ಭಂಡಾರ ಹಾಕಿದ್ದಳು, ಪೂಜಿ ತಾಟಿನ್ಯಾಗ ಇಡು ಅಂದಾಗ ಪಡಸಾಲೆಯಲ್ಲಿ ಎರಡು ತಾಟು, ದೇವರ ಜಗುಲಿಯ ಮೇಲೊಂದು ಕತ್ತಲಲ್ಲಿ, ದೀಪ ಮಿಣುಕುವ ಕಂಪ್ಯೂಟರಿನದೊಂದು ಕಣ್ಣೆದುರಿಗೇ, ಈ ಯಂತ್ರವನ್ನು ಒಂದು ದಿನವೂ ಮುಟ್ಟದ ಕರಿಯವ್ವ ಯಾವುದರಲ್ಲಿ ಇಟ್ಟಾಳು, ಇಟ್ಟು ಕೈ ಮುಗಿಯಲು ಬೆರಳು ತಾಗಿಸಿರಬೇಕು, ತಾಗಿದರೆ ಸಾಕು ತಾನೇ ಒಳಗೆ ಹೋಗುತ್ತದಲ್ಲ ಟ್ರೇ, ಮುಚ್ಚಿದ್ದು ಕಂಡು ಹೂವು ಕನಕಪ್ಪ ತೆಗೆದನೆಂದುಕೊಂಡಿದ್ದಳು ಸಕ್ಕೂಬಾಯಿ, ಕರಿಯವ್ವ ಇಟ್ಟಿದ್ದಳು, ಇಟ್ಟೇ ಹೋಗಿದ್ದಳು, ಹಾಗಾದರೆ ಕೈಯಲ್ಲಿ — ಟೆಂಪೋದ ಹಾರ್ನು ಮತ್ತೊಮ್ಮೆ, ಏಳಬೇಕು, ಗಾಲಿಯಿಂದ ಕಡ್ಡಿ ಬಿಡಿಸುತ್ತಿದ್ದಾಳೆ, ಸಕ್ಕೂ, ಆಕಿ ಹೊಂಟಳಲ್ಲ ಅನ್ನುತ್ತಿದ್ದಾನೆ ಕನಕಪ್ಪ — ಕೈಯಲ್ಲಿ ಏನೂ ಇರಲಿಲ್ಲ, ಒನಕೆ ಹಿಡಿದು ಹಿಡಿದು ಕರಿಯವ್ವನ ಬೆರಳು ಬಿಚ್ಚುವುದೇ ಇಲ್ಲ, ಉಣ್ಣುವಾಗಲೂ ಬಿಚ್ಚುವುದಿಲ್ಲ, ಇಷ್ಟು ವರ್ಷ ಎದುರಿಗೆ ಕೂತು ಕಂಡಿದ್ದೇ ಅಲ್ಲವೇ, ಹೊಸ್ತಿಲು ದಾಟುವ ಆ ಬೆನ್ನು, ಸೆರಗಿನ ಪಕ್ಕ ಆ ಮುಷ್ಟಿ, ಒಳಗೆ ಒನಕೆಯ ದಪ್ಪದಷ್ಟು ಖಾಲಿ, ಆ ಮುಷ್ಟಿ