ಯಂತ್ರದ ಯಜಮಾನರು

ಮಾತಿನಮಲ್ಲ ವಿಮಾ ಕಂಪನಿಯೊಂದರಲ್ಲಿ ತರಬೇತಿ ಅಧಿಕಾರಿ. ಗೊತ್ತಿಲ್ಲದ ವಿಷಯದ ಮೇಲೂ ಗಂಟೆಗಟ್ಟಲೆ ಮಾತಾಡಬಲ್ಲವನೆಂದು ಕಚೇರಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಅವನ ಹೆಂಡತಿ ಹಲ್ಲಿನ ಡಾಕ್ಟರು. ಕೈಯಲ್ಲಿ ಕೆಲಸವಿದ್ದರೆ ತುಟಿ ಪಿಟಕ್ಕೆನ್ನದವಳು.

ಅವಳ ಕ್ಲಿನಿಕ್ಕಿನ ಪಕ್ಕದ ಹಳೆಯ ಆಟದಂಗಡಿ ಬಾಗಿಲು ಹಾಕಿದಾಗ, ಅಲ್ಲಿದ್ದ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಅವಳು ಮನೆಗೆ ಸಾಗಿಸಿದಳು. ನಾಣ್ಯ ಹಾಕಿ, ನಿಂತುಕೊಂಡು, ಹಿಡಿಕೆ ತಿರುಗಿಸುತ್ತ ಆಡುವ ಯಂತ್ರ. ಅದಕ್ಕೆ ಜಾಗ ಮಾಡಲು ಮಲ್ಲನ ಆರಾಮಕುರ್ಚಿ ಬಾಲ್ಕನಿಗೆ ಎತ್ತಂಗಡಿಯಾಯಿತು.

“ಇದು ಸತ್ತು ಯಾವ ಕಾಲ ಆಯ್ತೋ,” ಎಂದ ಮಲ್ಲ.

“ಬದುಕಿಸ್ತೀನಿ.”

“ಅಲ್ಮೇರಾ ತಂದಿದ್ರೆ ಬಟ್ಟೆನಾದ್ರೂ ಇಡಬಹುದಿತ್ತಲ್ಲಮ್ಮ,” ಎಂದರು ಅವನ ತಾಯಿ.

ಹಿಂಬದಿಯ ಹಲಗೆ ಬಿಚ್ಚಿದರೆ ಒಳಗೆ ಇಲಿಗಳು ಸಂಸಾರ ಮಾಡಿಕೊಂಡಿದ್ದ ಗುರುತು. ರಜೆ ಸಿಕ್ಕಾಗಲೆಲ್ಲ ಅವಳು ಅದರ ಮುಂದೆಯೇ. ಹಲ್ಲು ಕೆರೆಯುವ ಸಪೂರ ಕೊಕ್ಕೆಯಿಂದ ಗುಂಡಿಗಳ ಸಂದಿಯ ಜಿಡ್ಡು ಕಿತ್ತಳು. ನೀರು ಕುಡಿದು ಉಬ್ಬಿದ್ದ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿ ಬಣ್ಣ ಬಳಿದಳು. ಸುಟ್ಟ ಕೆಪಾಸಿಟರುಗಳನ್ನು ಬದಲಾಯಿಸಿ ಬೆಸುಗೆ ಹಾಕಿದಳು. “ರೀ, ಸ್ವಿಚ್ ಆರಿಸಿದ್ರೂ ಪಿಕ್ಚರ್ ಟ್ಯೂಬಲ್ಲಿ ಕರೆಂಟ್ ಕೂತಿರತ್ತೆ, ಕೈ ಹಾಕ್ಬೇಡಿ,” ಎಂದಳು ಒಮ್ಮೆ. ಯಂತ್ರದ ಬಗ್ಗೆ ಮಲ್ಲ ಪಡೆದ ತರಬೇತಿ ಅಷ್ಟೇ.

ಕೊನೆಗೊಂದು ಮಧ್ಯಾಹ್ನ ಪರದೆ ಬೆಳಗಿತು. ಅತ್ತೆ ಹಿಡಿಕೆ ಹಿಡಿದವರು ಊಟಕ್ಕೆ ಕರೆದರೂ ಬರಲಿಲ್ಲ.

ಸುದ್ದಿ ಹೇಗೋ ಹಳೆಯ ಯಂತ್ರಗಳ ಅಭಿಮಾನಿ ಸಂಘಕ್ಕೆ ಮುಟ್ಟಿತು. ಅಧ್ಯಕ್ಷರೇ ಬಂದು ಬಾಗಿಲು ತಟ್ಟಿದರು. ಬಾಗಿಲು ತೆರೆದ ಹೆಂಡತಿಯ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಮೂಗಿನ ಮೇಲೆ ಮಸಿ ಇತ್ತು.

“ಯಂತ್ರದ ಯಜಮಾನ್ರು ಇದ್ದಾರಾ?”

“ನಾನೇ.”

ಒಳ್ಳೆಯ ಜೋಕು ಕೇಳಿದವರಂತೆ ನಕ್ಕು ಅಧ್ಯಕ್ಷರು ಒಳನುಗ್ಗಿ ಮಲ್ಲನ ಕೈ ಕುಲುಕಿದರು. “ಸರ್, ಚಿತ್ರ ಮೇಲಿಂದ ಕೆಳಗೆ ಉರುಳ್ತಿತ್ತಂತಲ್ಲ, ಹೇಗೆ ನಿಲ್ಲಿಸಿದ್ರಿ?”

“ಬೋರ್ಡಿನ ಬೆಸುಗೆ ಬಿಟ್ಟಿತ್ತು, ಮತ್ತೆ ಹಾಕಿದೆ,” ಎಂದಳು ಹೆಂಡತಿ.

“ಸರಿಯಾಗಿ ಹೇಳಿದ್ರಿ ಸರ್!” ಎಂದರು ಅಧ್ಯಕ್ಷರು, ಮಲ್ಲನ ಕಡೆಗೇ ತಿರುಗಿ.

ಮಲ್ಲ ಬಾಯಿ ತೆರೆದ. ಅಲ್ಲ ಅನ್ನಬೇಕೆಂದೇ ತೆರೆದದ್ದು. ಆದರೆ ವರ್ಷಗಳಿಂದ ಒಗ್ಗಿದ ಬಾಯಿ ತನ್ನ ದಾರಿ ತಾನು ಹಿಡಿಯಿತು. “ನೋಡಿ, ಬೆಸುಗೆ ಅಂದ್ರೆ ಬರೀ ಸೀಸ ಅಲ್ಲ, ಅದೊಂದು ಸಂಬಂಧ...” ಅಧ್ಯಕ್ಷರು ತಲೆದೂಗಿದರು. ಹೆಂಡತಿ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ತುಸು ಜೋರಾಗಿಯೇ ಇಟ್ಟಳು.

ಸಂಘ ಮಲ್ಲನಿಗೆ ಸನ್ಮಾನ ಇಟ್ಟುಕೊಂಡಿತು. “ಹೋಗೋಣ,” ಎಂದಳು ಹೆಂಡತಿ, “ನಂಗೂ ಕುತೂಹಲ.” ಸಭೆ ತುಂಬಿತ್ತು. ಮಲ್ಲ ಸಂಬಂಧ, ಸಹನೆ, ಸಂಸ್ಕೃತಿ ಎಂದು ಮಾತು ಮುಗಿಸುವಷ್ಟರಲ್ಲಿ ಅಧ್ಯಕ್ಷರು ತಮ್ಮ ಮನೆಯ ಕೆಟ್ಟ ಪೆಟ್ಟಿಗೆಯನ್ನೇ ವೇದಿಕೆಗೆ ತಳ್ಳಿಸಿಕೊಂಡು ಬಂದರು.

“ಸರ್, ನಿಮ್ಮ ಕೈಚಳಕ ಒಂದ್ಸಲ ಕಣ್ಣಾರೆ ನೋಡ್ಬೇಕು!”

ಮಲ್ಲ ಒಂದು ಹೆಜ್ಜೆ ಹಿಂದೆ ಸರಿದ. ಪಿಕ್ಚರ್ ಟ್ಯೂಬಿನಲ್ಲಿ ಕೂತಿರುವ ಕರೆಂಟು ನೆನಪಾಗಿ, ಮುಚ್ಚಿಡುವ ಧೈರ್ಯ ಕರಗಿಹೋಯಿತು. “ಸ್ವಾಮಿ, ನಂಗೆ ಇದರ ತಲೆಬುಡ ಗೊತ್ತಿಲ್ಲ. ಎಲ್ಲಾ ಮಾಡಿದ್ದು ಇವಳು. ನಾನು ಸುಳ್ಳು ಹೇಳ್ದೆ.”

ಸಭೆ ಎದ್ದು ನಿಂತಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. “ಎಂಥಾ ವಿನಯ! ಮಾಡಿದ್ದೆಲ್ಲಾ ಹೆಂಡ್ತಿಗೆ ಬಿಟ್ಕೊಟ್ರಲ್ಲ!” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಹೆಂಡತಿ ಎದ್ದು ವೇದಿಕೆ ಹತ್ತಿದಳು. ಹಿಂಬದಿ ತೆಗೆದು, ಟ್ಯೂಬಿನ ಕರೆಂಟನ್ನು ತಂತಿಯಿಂದ ಹುಷಾರಾಗಿ ಇಳಿಸಿ, ಸಡಿಲವಾಗಿದ್ದ ವೈರಿನ ಕೊಂಡಿಯನ್ನು ಉಜ್ಜಿ ಒತ್ತಿದಳು. ಪರದೆ ಹೊತ್ತಿಕೊಂಡಿತು.

“ಸರ್, ಹೆಂಡ್ತಿಗೇ ಹೀಗೆ ಕಲಿಸಿದ್ದೀರಿ ಅಂದ್ರೆ!” ಅಧ್ಯಕ್ಷರು ಬಾಯ್ತುಂಬ ನಕ್ಕರು.

ಹೆಂಡತಿ ಆ ಬಾಯಿಯೊಳಗೆ ಇಣುಕಿ ನೋಡಿದಳು. “ಎಡಗಡೆ ದವಡೆ ಹಲ್ಲು ಹುಳುಕಾಗಿದೆ. ನಾಳೆ ಕ್ಲಿನಿಕ್ಕಿಗೆ ಬನ್ನಿ.”

ಅಧ್ಯಕ್ಷರಿಗೆ ಹಲ್ಲಿನ ಡಾಕ್ಟರೆಂದರೆ ಹೆದರಿಕೆ. ಜೊತೆಗೆ ಮಲ್ಲ ಬಂದರಷ್ಟೇ ಬರುವೆನೆಂದರು. ಮರುದಿನ ಮಲ್ಲ ಅವರ ಕನ್ನಡಕ ಹಿಡಿದು ಪಕ್ಕದಲ್ಲಿ ನಿಂತ. ಹೆಂಡತಿ ಸೂಜಿ ಚುಚ್ಚಿ, ಬಾಯಿಗೆ ಹತ್ತಿ ತುರುಕಿ, ಕೊರೆಯುವ ಯಂತ್ರ ಚಾಲೂ ಮಾಡಿದಳು. ಕೈಯಲ್ಲಿ ಕೆಲಸವಿದ್ದರೂ ಅಂದು ಅವಳು ಬಾಯಿಬಿಟ್ಟಳು. ಇಲಿಗೂಡಿನಿಂದ ಹಿಡಿದು ಬಣ್ಣದ ಕೊನೆಯ ಪದರದವರೆಗೆ, ಎಲ್ಲವನ್ನೂ ತಾನು ಹೇಗೆ ಮಾಡಿದೆನೆಂದು ಬಿಡಿಸಿ ಬಿಡಿಸಿ ಹೇಳಿದಳು. ಅಧ್ಯಕ್ಷರು ಮಲ್ಲನತ್ತ ತಿರುಗಲು ನೋಡಿದಾಗಲೆಲ್ಲ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

“ಯಾರು ಮಾಡಿದ್ದು ಅಂತ ಅರ್ಥ ಆಯ್ತಾ?”

“ಆಂ,” ಎಂದರು ಅಧ್ಯಕ್ಷರು.

ಮಲ್ಲನಿಗೂ ಅಂದು ಮಾತಾಡಬೇಕೆನಿಸಲಿಲ್ಲ. ಹೆಂಡತಿಯನ್ನೇ ನೋಡುತ್ತ ನಿಂತ. ಮೊದಲೇ ಹೀಗೆ ನಿಂತು ಕೇಳಬಹುದಿತ್ತು ಅನಿಸಿ ಮುಖ ಬಿಸಿಯಾಯಿತು.

ಕುರ್ಚಿಯಿಂದಿಳಿದ ಅಧ್ಯಕ್ಷರು ಜೋಮು ಹಿಡಿದ ತುಟಿಯಲ್ಲೇ ಅವನ ಕಿವಿಗೆ ಉಸುರಿದರು: “ಥರ್, ಎಲ್ಲಾ ಬಾಯಿಪಾಠ ಮಾಡ್ಸಿದ್ದೀರಲ್ಲಾ!”

ಮಲ್ಲ ಹೆಂಡತಿಯತ್ತ ನೋಡಿದ. ಅವಳು ಕೈಗವಸು ಕಳಚುತ್ತ ನಿರಾಳವಾಗಿ ಹೇಳಿದಳು:

“ಹುಳುಕು ಬೇರಿನವರೆಗೂ ಹೋಗಿದೆ. ಇನ್ನೂ ಬಹಳ ಸಲ ಬರ್ಬೇಕಾಗತ್ತೆ.”