ಗುಡ್ಡದೊಳಗಿನ ಹಸಿರು ಇಂಜಿನ್

ಗಡಿಯಾರ ರಿಪೇರಿಯವನ ಮೊಣಕಾಲು ಕೈಕೊಟ್ಟಿದ್ದರಿಂದ ಅವನ ರೈಲು ನೆಲ ಬಿಟ್ಟು ಮೇಜು ಹತ್ತಬೇಕಾಯಿತು. ಹನ್ನೆರಡು ವರ್ಷದಿಂದ ಆ ಆಟಿಕೆ ರೈಲು ಮನೆಯ ಹಿಂದಿನ ಕೋಣೆಯ ನೆಲದ ಮೇಲೇ ಓಡಿಕೊಂಡಿತ್ತು. ಬಾಗಿಲಿಂದ ಕಿಟಕಿಯವರೆಗೆ ಹಳಿ, ಎರಡು ನಿಲ್ದಾಣ, ಬೆಂಕಿಪೆಟ್ಟಿಗೆಯಷ್ಟು ಸಿಗ್ನಲ್ ಮನೆ. ಮೂಲೆಯಲ್ಲಿ, ತಂತಿಬಲೆಯ ಮೇಲೆ ಹಳೇ ಪೇಪರು ಮೆತ್ತಿ ಪ್ಲಾಸ್ಟರ್ ಬಳಿದು ಅವನೇ ಎಬ್ಬಿಸಿದ ಗುಡ್ಡ, ಅದರೊಳಗೆ ಸುರಂಗ. ಅಂಗಡಿ ಮುಚ್ಚಿ ಬಂದವನು ಬೋರಲು ಮಲಗಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು ರೈಲು ಬರುವುದನ್ನು ನೋಡಿದರೆ ದಿನದ ಆಯಾಸವೆಲ್ಲ ಇಳಿಯುತ್ತಿತ್ತು. ಈಗ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಎರಡು ಸಲ ಕೈಹಿಡಿದು ಎಬ್ಬಿಸಿದ ಹೆಂಡತಿ ಮೂರನೇ ಸಲ, ನಿಮ್ಮ ಕಾಲಂತೂ ಮುಗಿಯಿತು, ರೈಲಿಗಾದರೂ ನಾಲ್ಕು ಕಾಲು ಮಾಡಿಸಿ ಎಂದಳು.

ಬಡಗಿ ಬಂದು ಸೊಂಟದೆತ್ತರದ ಮೇಜು ಮಾಡಿದ. ಬಾಗಿಲಲ್ಲಿ ಹಿಡಿಸದೆಂದು ಮೂರು ತುಂಡು ಮಾಡಿ ಒಳಗೆ ತಂದು ಜೋಡಿಸಿದ. ವೈರು ಇಳಿಬಿಡಲು ಅಲ್ಲಲ್ಲಿ ತೂತು ಕೊರೆದ. ಗಡಿಯಾರದವನು ಒಂದೊಂದು ಹಳಿಗೂ ನಂಬರಿನ ಚೀಟಿ ಅಂಟಿಸಿ, ತಿರುಪುಗಳನ್ನು ಅಳತೆವಾರು ಡಬ್ಬಿಗೆ ತುಂಬಿದ. ಎಳ್ಳಿಗಿಂತ ಸಣ್ಣ ತಿರುಪೂ ಅವನ ಕೈಯಿಂದ ಜಾರಿ ಕಳೆದುಹೋದದ್ದಿಲ್ಲ. ಅದು ಅವನ ಹೆಮ್ಮೆ, ಗಿರಾಕಿಗಳ ಹೊಗಳಿಕೆ.

ಕೊನೆಗೆ ಗುಡ್ಡದ ಸರದಿ ಬಂತು. ನೆಲಕ್ಕೆ ಕಚ್ಚಿಕೊಂಡಿದ್ದ ಅಂಚನ್ನು ಬಡಗಿ ಉಳಿಯಿಂದ ಬಿಡಿಸಿದ. ಇಬ್ಬರೂ ಸೇರಿ ಎತ್ತಿ ಓರೆ ಮಾಡಿದ್ದೇ ತಡ, ಒಳಗೆ ಏನೋ ಲೊಟಕ್ಕೆಂದು ಉರುಳಿತು. ಬಡಗಿ ಕೈಹಾಕಿ ಹೊರಗೆಳೆದ. ಹಸಿರು ಇಂಜಿನ್. ಆರು ಚಕ್ರ, ಹಳದಿ ಪಟ್ಟಿ, ಮೈತುಂಬ ಪ್ಲಾಸ್ಟರ್ ಪುಡಿ.

ಗಡಿಯಾರದವನು ನೋಡಿದೊಡನೆ ಗುರುತಿಸಿದ.

ಮೂರು ವರ್ಷದ ಹಿಂದೆ, ನೆಂಟರು, ನೆರೆಯವರು ಊಟಕ್ಕೆ ಸೇರಿದ್ದ ಒಂದು ಭಾನುವಾರ, ಈ ಇಂಜಿನ್ ಕಾಣೆಯಾಗಿತ್ತು. ಆ ಮಧ್ಯಾಹ್ನ ಕೋಣೆಯಲ್ಲಿ ಒಬ್ಬಳೇ ಇದ್ದದ್ದು ತಂಗಿಯ ಮಗಳು ಚಿಣ್ಣಿ. ಆಗ ಅವಳಿಗೆ ಒಂಬತ್ತು. ಸುರಂಗಕ್ಕೆ ಟಾರ್ಚ್ ಬಿಟ್ಟು ನೋಡಿ, ಎಲ್ಲೂ ಇಲ್ಲವೆಂದಮೇಲೆ ಅವನು ಅವಳನ್ನು ಹಜಾರಕ್ಕೆ ಕರೆದು ಎಲ್ಲರೆದುರು ಕೇಳಿದ್ದ. ಗದರಲಿಲ್ಲ. ಮೆತ್ತಗೆ, ನಗುನಗುತ್ತಲೇ, ಒಂದು ಗಂಟೆ ಹೊತ್ತು ಕೇಳಿದ. ಅವಳ ಚೀಲ ಸುರುವಿ ನೋಡಿದ. ಕೊನೆಗೆ ಹುಡುಗಿ, ಹೌದು ತಗೊಂಡೆ, ಚರಂಡಿಗೆ ಬಿದ್ದುಹೋಯಿತು ಎಂದಳು. ತಂಗಿ ಅಲ್ಲೇ ಮಗಳ ಕೆನ್ನೆಗೆ ಬಾರಿಸಿದಳು. ಅವನು ಕೋಲು ಹಿಡಿದು ಚರಂಡಿ ಕೆದಕಿ ಬರಿಗೈಯಲ್ಲಿ ಬಂದು, ಹೋಗಲಿ, ಮಗು ಅಲ್ಲವೇ, ಕ್ಷಮಿಸಿದ್ದೇನೆ ಎಂದಿದ್ದ. ಆಮೇಲೆ ನೆಂಟರು ಸೇರಿದಲ್ಲೆಲ್ಲ ಆ ಕಥೆಯನ್ನು ತಮಾಷೆಯಾಗಿ ಹೇಳಿ ನಗಿಸಿದ್ದೂ ಉಂಟು.

ಈಗ ನೆನಪು ಒಂದೊಂದಾಗಿ ಮೇಲೆದ್ದಿತು. ಗುಡ್ಡದೊಳಗೆ, ಮುಖ್ಯ ಹಳಿಯ ಹಿಂದೆ, ಅಲ್ಲಿಗೇ ಮುಗಿಯುವ ಒಂದು ಮೋಟು ಹಳಿಯಿತ್ತು. ಟಾರ್ಚಿನ ಬೆಳಕು ಅಲ್ಲಿಗೆ ತಾಗುತ್ತಿರಲಿಲ್ಲ. ಆ ಭಾನುವಾರದ ಬೆಳಿಗ್ಗೆ, ಜಾಗ ಸಾಲುತ್ತದೋ ಎಂದು ನೋಡಲು ಅವನೇ ಇಂಜಿನ್ನನ್ನು ಅಲ್ಲಿಟ್ಟಿದ್ದ. ಅಷ್ಟರಲ್ಲಿ ಯಾರೋ ಬಂದರು ಅಂತ ಎದ್ದು ಹೋಗಿ, ವಾಪಸು ಬಂದವನು ಅದನ್ನು ಮರೆತು, ಒಳಗೆ ಧೂಳು ಹೋಗುತ್ತದೆಂದು ಗುಡ್ಡದ ಹಿಂದಿನ ಕಿಂಡಿಗೆ ಪೇಪರು ತುರುಕಿ ಪ್ಲಾಸ್ಟರ್ ಬಳಿದುಬಿಟ್ಟಿದ್ದ.

"ಒಳ್ಳೇ ಇಂಜಿನ್ನು. ಇಲ್ಲೇ ಸಿಕ್ಕಿಹಾಕಿಕೊಂಡಿತ್ತಾ?" ಎಂದು ಬಡಗಿ ಕೇಳಿದ.

"ಕೆಟ್ಟುಹೋದದ್ದು. ನಾನೇ ಬೇಕಂತ ಇಟ್ಟಿದ್ದೆ," ಎಂದು ಗಡಿಯಾರದವನು ಅದನ್ನು ಅಂಗಿ ಜೇಬಿಗೆ ಇಳಿಸಿದ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವನಿಗೇ ಆಶ್ಚರ್ಯ.

ಮರುದಿನ ಇಂಜಿನ್ ಅಂಗಡಿಯ ಡ್ರಾಯರ್ ಸೇರಿತು. ಹೇಳಲೇಬೇಕು ಎಂದುಕೊಂಡ. ಆಮೇಲೆ, ಹುಡುಗಿ ಈಗಾಗಲೇ ಮರೆತಿರುತ್ತಾಳೆ, ಗಾಯ ಕೆದಕಿದಂತಾಗುತ್ತದೆ ಎಂದುಕೊಂಡ. ಯಾರೋ ಚರಂಡಿಯಲ್ಲಿ ಸಿಕ್ಕಿತೆಂದು ತಂದುಕೊಟ್ಟರು ಎಂದರೆ ಹೇಗೆ ಎಂಬಲ್ಲಿಯವರೆಗೂ ಯೋಚನೆ ಹೋಯಿತು. ಹಾಗೆ ಯೋಚಿಸಿದ್ದಕ್ಕೆ ಒಬ್ಬನೇ ಕೂತಲ್ಲೇ ಕಿವಿ ಬಿಸಿಯಾಯಿತು. ಎರಡು ಗಡಿಯಾರ ಬಿಚ್ಚಿ, ರಿಪೇರಿ ಮಾಡದೆ ಹಾಗೇ ಮುಚ್ಚಿಟ್ಟ.

ಐದನೇ ದಿನ ಊಟ ತಂದ ಹೆಂಡತಿ ಚಮಚ ಹುಡುಕಲು ಡ್ರಾಯರ್ ಎಳೆದಳು. ಇಂಜಿನ್ ನೋಡಿ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತಳು. ಅವನು ತಲೆ ಎತ್ತದೆ ನಡೆದದ್ದನ್ನೆಲ್ಲ ಒಪ್ಪಿಸಿದ. ಆ ದಿನ ಮಗು ಮುಟ್ಟದೆ ಬಿಟ್ಟ ಊಟದ ತಟ್ಟೆಯನ್ನು ತಾನೇ ಎತ್ತಿಟ್ಟಿದ್ದೆ ಎಂದಳು ಅವಳು. ಆಮೇಲೆ ಕೇಳಿದಳು:

"ಸಿಕ್ಕಿ ಎಷ್ಟು ದಿನ ಆಯ್ತು?"

"ಐದು."

"ಮೂರು ವರ್ಷ ಗೊತ್ತಿರಲಿಲ್ಲ ಅನ್ನಿ. ಈ ಐದು ದಿನಕ್ಕೆ ಏನಂತೀರಿ?"

ಅವನು ಅಂಗಡಿಯ ಶಟರ್ ಎಳೆದು, ಊಟ ಅಲ್ಲೇ ಬಿಟ್ಟು, ತಂಗಿಯ ಮನೆಯ ಬಸ್ಸು ಹತ್ತಿದ.

ತಂಗಿ ಇಸ್ತ್ರಿ ಮಾಡುತ್ತಿದ್ದಳು. ಚಿಣ್ಣಿ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಹನ್ನೆರಡು ತುಂಬಿ ಉದ್ದವಾಗಿದ್ದಳು. ಅವನು ನಿಂತೇ, ಇಂಜಿನ್ನನ್ನು ಅವಳ ಪುಸ್ತಕದ ಪಕ್ಕ ಇಟ್ಟು, ಎಲ್ಲಿ ಸಿಕ್ಕಿತು, ಯಾರು ಇಟ್ಟದ್ದು, ಸಿಕ್ಕಮೇಲೆ ಎಷ್ಟು ದಿನ ಬಚ್ಚಿಟ್ಟೆ ಎಂಬುದನ್ನೆಲ್ಲ ಹೇಳಿದ. ತಂಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು.

"ನಾನು ಹೊಡೆದೆನಲ್ಲ ಅಣ್ಣ," ಎಂದಳು. "ನಿನ್ನ ಮಾತು ಕೇಳಿ ಹೊಡೆದೆ. ಅವಳನ್ನ ಒಂದು ಮಾತು ಕೇಳಲಿಲ್ಲ." ಹಾಗೆಂದವಳೇ ಒಳಕೋಣೆಗೆ ಹೋಗಿಬಿಟ್ಟಳು.

ಹುಡುಗಿ ಇಂಜಿನ್ ಮುಟ್ಟಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಮಾಡದ ತಪ್ಪನ್ನು ಯಾಕಮ್ಮ ಒಪ್ಪಿಕೊಂಡೆ ಎಂದು ಕೇಳಿದ. ಆ ಪ್ರಶ್ನೆ ಬಾಯಿಂದ ಜಾರಿದ ಮೇಲೆ, ಅದರಲ್ಲೂ ತಪ್ಪನ್ನು ಅವಳ ಕಡೆಗೇ ತಳ್ಳುತ್ತಿದ್ದೇನೆ ಅನ್ನಿಸಿತು.

"ಇಲ್ಲ ಅಂದಾಗಲೆಲ್ಲ ಇನ್ನೊಂದು ಸಲ ಕೇಳ್ತಿದ್ರಿ ಮಾವ. ಹೌದು ಅಂದಮೇಲೆ ನಿಲ್ಲಿಸಿದ್ರಿ." ಪೆನ್ಸಿಲನ್ನು ಅತ್ತಿತ್ತ ಹೊರಳಿಸಿದಳು. "ಆಮೇಲಾಮೇಲೆ ನಂಗೇ ಅನ್ನಿಸೋಕೆ ಶುರುವಾಯ್ತು, ತಗೊಂಡಿದ್ದೆನೇನೋ ಅಂತ. ನಾನೂ ಒಂದಿನ ಚರಂಡಿಯಲ್ಲಿ ಹುಡುಕಿದ್ದೆ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ತಪ್ಪಾಯಿತು ಎಂದ. ಅದು ಎಷ್ಟು ಸಣ್ಣ ಮಾತು ಎಂದು ಆಗಲೇ ತಿಳಿದದ್ದು. ಚಿಣ್ಣಿ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಬರೆಯತೊಡಗಿದಳು. ದೊಡ್ಡಮಾವ, ದೊಡ್ಡತ್ತೆ, ಅವರ ಮಗ, ಚಿಕ್ಕಜ್ಜ, ಮಾವನ ಪಕ್ಕದ ಮನೆ ಟೀಚರ್. ಆ ದಿನ ಹಜಾರದಲ್ಲಿದ್ದವರು. ಒಬ್ಬರನ್ನೂ ಮರೆತಿರಲಿಲ್ಲ.

"ಇವರಿಗೆಲ್ಲ ಹೇಳಿ. ಇಲ್ಲೇ, ನನ್ನೆದುರಿಗೆ," ಎಂದಳು.

ಅವನು ಫೋನನ್ನು ಮೇಜಿನ ಮೇಲಿಟ್ಟು, ಅವಳಿಗೂ ಕೇಳುವಂತೆ ಮಾಡಿ, ಮೊದಲು ಅವಳ ದೊಡ್ಡಮಾವನಿಗೆ, ತನ್ನ ಅಣ್ಣನಿಗೆ, ಕರೆ ಮಾಡಿದ. ಅಣ್ಣ ಎಲ್ಲ ಕೇಳಿ ಗಹಗಹಿಸಿ ನಕ್ಕ. ಹಳೇ ಕಥೆ, ಅದಕ್ಕೇನೀಗ ಎಂದ. ಗಡಿಯಾರದವನಿಗೆ ಒಂದು ಕ್ಷಣ ಹಗುರವಾಯಿತು. ಅವನ ಮುಖದ ಮೇಲೂ ನಗು ಮೂಡುವುದರಲ್ಲಿತ್ತು. ಅಷ್ಟರಲ್ಲಿ ಹುಡುಗಿಯ ಮುಖ ಕಂಡಿತು.

"ನಗಬೇಡ ಅಣ್ಣ. ಏನೂ ತಪ್ಪು ಮಾಡದ ಮಗೂನ ನಾನು ಕಳ್ಳಿ ಮಾಡಿದೆ."

ಆ ಕಡೆ ನಗು ನಿಂತಿತು. ಚಿಕ್ಕಜ್ಜನಿಗೆ ಕಿವಿ ಮಂದ. ಅದೇ ಮಾತನ್ನು ಮೂರು ಸಲ ಕೂಗಿ ಹೇಳಬೇಕಾಯಿತು, ಬೀದಿಗೆಲ್ಲ ಕೇಳುವಂತೆ. ಟೀಚರ್, ಆ ದಿನದಿಂದ ಈ ಹುಡುಗಿ ತಮ್ಮ ಮನೆಗೆ ಬಂದರೆ ತಾವು ಪರ್ಸ್ ಒಳಗಿಡುತ್ತಿದ್ದದ್ದನ್ನು ಹೇಳಿದರು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಚಿಣ್ಣಿ ಟೀಚರ ಹೆಸರಿನ ಮುಂದೆಯೂ ಒಂದು ಗೀಟು ಹಾಕಿ ನೋಟ್‌ಬುಕ್ ಮುಚ್ಚಿದಳು. ಇಂಜಿನ್ ನೀನೇ ಇಟ್ಟುಕೋ ಎಂದದ್ದಕ್ಕೆ ತಲೆಯಾಡಿಸಿ ಬೇಡವೆಂದಳು.

ತಿಂಗಳ ಮೇಲೆ ತಾಯಿ ಮಗಳು ಇಬ್ಬರೂ ಮನೆಗೆ ಬಂದರು. ಮೇಜಿನ ಮೇಲೆ ಹಳಿಯೆಲ್ಲ ಕೂತಾಗಿತ್ತು, ವೈರುಗಳು ಅಡಿಯಲ್ಲಿ ಅಡಗಿದ್ದವು. ಈಗ ಯಾರೂ ಬೋರಲು ಮಲಗಬೇಕಿರಲಿಲ್ಲ. ನಿಂತರೆ ಎರಡೂ ನಿಲ್ದಾಣಗಳು ಕೈಗೆಟಕುತ್ತಿದ್ದವು. ಅವನು ಓಡಿಸುವ ಗುಂಡಿಯಿದ್ದ ಡಬ್ಬಿಯನ್ನು ಚಿಣ್ಣಿಯ ಕಡೆ ಚಾಚಿದ.

"ಬೇಡ ಮಾವ. ನೋಡ್ತೀನಿ," ಎಂದಳು ಅವಳು, ಮೇಜಿನಿಂದ ಒಂದು ಹೆಜ್ಜೆ ದೂರದಲ್ಲಿ ನಿಂತು. ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡಿದ್ದಳು.

ಆ ಭಾನುವಾರದಿಂದ ಯಾರ ಮನೆಗೆ ಹೋದರೂ, ಅಂಗಡಿಗೆ ಹೋದರೂ ಅವಳು ನಿಲ್ಲುವುದು ಹೀಗೆಯೇ ಎಂದು ತಂಗಿ ಅವನಿಗೆ ಮೆಲ್ಲಗೆ ಹೇಳಿದಳು. ಅವನು ಗುಂಡಿ ತಿರುಗಿಸಿದ. ರೈಲು ಹೊರಟು ತಿರುವಿನಲ್ಲಿ ಬಳುಕಿತು. ಹುಡುಗಿ ಕುತೂಹಲಕ್ಕೆ ಕೊಂಚ ಬಾಗಿದಳು, ಒಂದು ಸಲ ಮುಗುಳ್ನಕ್ಕಂತೆಯೂ ಇತ್ತು. ಕೈಗಳು ಮಾತ್ರ ಇದ್ದಲ್ಲೇ ಇದ್ದವು. ಅವನು ಅವಳತ್ತ ನೋಡಲಾರದೆ, ಹಳಿಯ ಮೇಲೆ ಕಣ್ಣು ನೆಟ್ಟು, ರೈಲನ್ನು ಇನ್ನೊಂದು ಸುತ್ತು ಓಡಿಸಿದ.